ಭಯೋತ್ಪಾದನೆ ತಡೆ ಕಾನೂನಿಗೆ ಕಾವಲು ನಿಜವಾಗಿ ಇದೆಯಾ? ನೀವೇ ನೋಡಿ ತಿಳಿಯುವ ಬಗೆ

ಭಯೋತ್ಪಾದನೆ ತಡೆಯಲು ಹೊಸ ಕಾನೂನು ಬಂದಾಗಲೆಲ್ಲ ಸರ್ಕಾರಗಳು ಒಂದು ಮಾತು ಹೇಳುತ್ತವೆ. ಗಾಬರಿ ಬೇಡ, ದುರ್ಬಳಕೆ ಆಗದಂತೆ ನೋಡಿಕೊಳ್ಳಲು ವ್ಯವಸ್ಥೆ ಮಾಡಿದ್ದೇವೆ ಅಂತ. ಆ ವ್ಯವಸ್ಥೆ ಕೆಲಸ ಮಾಡುತ್ತಿದೆಯಾ, ಸುಮ್ನೆ ಹೆಸರಿಗೆ ಇದೆಯಾ ಅಂತ ತಿಳಿಯಲು ನೀವು ವಕೀಲರಾಗಿರಬೇಕಿಲ್ಲ. ಕಾಯ್ದೆಯ ಪ್ರತಿ, ಕಾವಲಿಗೆ ಕೂತವರ ವರದಿ, ಒಂದು ಪೆನ್ಸಿಲ್, ಎರಡು ಮೂರು ಸಂಜೆ ಇದ್ದರೆ ಸಾಕು. ನಾನು ಇಂಥ ವರದಿಗಳನ್ನು ಯಾವ ಕ್ರಮದಲ್ಲಿ ಓದುತ್ತೇನೋ ಅದೇ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದವು, ಯಾಕೆಂದರೆ ಕಾವಲಿಗೆ ಅಂತಲೇ ಹುದ್ದೆ ಮಾಡಿಟ್ಟಿರುವುದು ಅಲ್ಲಿ. ಭಾರತದಲ್ಲಿ ಅಂಥ ಹುದ್ದೆ ಇಲ್ಲ. ಇಲ್ಲದ ಕಡೆ ಏನು ಮಾಡಬಹುದು ಅನ್ನುವುದನ್ನೂ ಕೊನೆಯ ಕಡೆ ಹೇಳಿದ್ದೇನೆ.

ಮೊದಲು ಕಾಯ್ದೆಯನ್ನೇ ತೆಗೆಯಿರಿ

ತುಂಬಾ ಜನ ನೇರವಾಗಿ ವರದಿಗೆ ಕೈ ಹಾಕುತ್ತಾರೆ. ಅಲ್ಲೇ ಎಡವುತ್ತಾರೆ. ಕಾಯ್ದೆ ಯಾವ ಅಧಿಕಾರ ಕೊಟ್ಟಿದೆ ಅಂತ ಗೊತ್ತಿಲ್ಲದೆ, ಅದರ ಬಳಕೆ ಸರಿಯೋ ತಪ್ಪೋ ಅನ್ನುವ ಚರ್ಚೆ ತಲೆಗೆ ಹೋಗುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಸಾಮಾನ್ಯ ಕ್ರಿಮಿನಲ್ ಕಾನೂನು, ಬಲಕ್ಕೆ ಈ ವಿಶೇಷ ಕಾಯ್ದೆ. ಚಾರ್ಜ್ ಹಾಕುವ ಮೊದಲು ಎಷ್ಟು ದಿನ ಹಿಡಿದಿಡಬಹುದು? ತಡೆದು ತಪಾಸಣೆ ಮಾಡಲು ಪೊಲೀಸರಿಗೆ ಅನುಮಾನ ಇರಲೇಬೇಕಾ, ಇಲ್ಲದಿದ್ದರೂ ನಡೆಯುತ್ತದಾ? ಜಾಮೀನು ಎಷ್ಟು ಕಷ್ಟ? ಆರೋಪಿಗೆ ತೋರಿಸದ ಸಾಕ್ಷ್ಯ ಇಡಬಹುದಾ? ಈ ನಾಲ್ಕಕ್ಕೆ ಎರಡೂ ಕಡೆ ಉತ್ತರ ಬರೆಯಿರಿ. ಎಡಕ್ಕೂ ಬಲಕ್ಕೂ ಎಲ್ಲಿ ಅಂತರ ಜಾಸ್ತಿಯೋ, ಕಾವಲು ಬೇಕಾಗಿರುವುದು ಅಲ್ಲೇ.

ಬಲಗಡೆ ಬರೆದ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ಓಡಾಡಿದೆ ಅಂತಲೂ ನೋಡಿ. ಬ್ರಿಟನ್‌ನಲ್ಲಿ 2000ದ ಭಯೋತ್ಪಾದನೆ ಕಾಯ್ದೆ ಬಂದಾಗ ಚಾರ್ಜ್ ಇಲ್ಲದೆ ಹಿಡಿದಿಡಲು ಇದ್ದ ಗರಿಷ್ಠ ಮಿತಿ 7 ದಿನ. ಆಮೇಲೆ 14 ಆಯಿತು. 2005ರಲ್ಲಿ ಸರ್ಕಾರ 90 ದಿನ ಕೇಳಿ ಸಂಸತ್ತಿನಲ್ಲಿ ಸೋತಿತು, 2006ರಲ್ಲಿ 28 ಸಿಕ್ಕಿತು. 2008ರಲ್ಲಿ 42 ಕೇಳಿತು, ಮೇಲ್ಮನೆ ಒಪ್ಪಲಿಲ್ಲ. 2011ರಲ್ಲಿ ಮತ್ತೆ 14ಕ್ಕೆ ಇಳಿಯಿತು. ಹೀಗೆ ಒಂದು ಸಾಲಿನಲ್ಲಿ ಬರೆದುಕೊಂಡರೆ ಗೊತ್ತಾಗುವುದೇನು ಅಂದರೆ, ಇದು ಬಿಟ್ಟರೆ ದೇಶವೇ ಮುಳುಗುತ್ತದೆ ಅಂತ ಒಂದು ವರ್ಷ ಹೇಳಿದ ಅಧಿಕಾರವಿಲ್ಲದೆಯೂ ಇನ್ನೊಂದು ವರ್ಷ ಕೆಲಸ ನಡೆದಿದೆ.

ಇನ್ನೊಂದು, ವ್ಯಾಖ್ಯೆ. 'ಭಯೋತ್ಪಾದನೆ' ಅಂದರೆ ಏನು ಅಂತ ಕಾಯ್ದೆ ಹೇಳುವ ಸೆಕ್ಷನ್ ಅನ್ನು ನಿಧಾನವಾಗಿ ಓದಿ, ಒಂದೊಂದು ಕ್ರಿಯಾಪದಕ್ಕೂ ಗೆರೆ ಹಾಕಿ. ಬ್ರಿಟನ್ನಿನ ಕಾಯ್ದೆಯಲ್ಲಿ ಸರ್ಕಾರದ ಮೇಲೆ 'ಪ್ರಭಾವ ಬೀರುವ' ಉದ್ದೇಶ ಇದ್ದರೂ ಸಾಕು, ಬೆದರಿಸುವ ಉದ್ದೇಶವೇ ಇರಬೇಕಿಲ್ಲ. ಅಲ್ಲಿ ಈ ಕಾನೂನುಗಳ ಸ್ವತಂತ್ರ ಪರಿಶೀಲಕರಾಗಿದ್ದ ಡೇವಿಡ್ ಆಂಡರ್ಸನ್ ಈ ಒಂದು ಪದವನ್ನು ಹಿಡಿದು, ಇದನ್ನು ಬಿಗಿ ಮಾಡಿ ಅಂತ ಶಿಫಾರಸು ಮಾಡಿದ್ದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ವ್ಯಾಖ್ಯೆ ತೀರಾ ವಿಶಾಲವಾಗಿದೆ ಅಂತ ಹೇಳಿತು. ಭಾರತದ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ) ಕಾಯ್ದೆಯ 15ನೇ ಸೆಕ್ಷನ್ ತೆಗೆದರೆ ಬಾಂಬು, ಬಂದೂಕು, ವಿಷ ಅಂತ ಪಟ್ಟಿ ಮಾಡಿ ಕೊನೆಗೆ 'ಬೇರೆ ಯಾವುದೇ ರೀತಿಯ ಸಾಧನ' ಅಂತಲೂ ಸೇರಿಸಿದ್ದಾರೆ. ಆ ಬಾಲಂಗೋಚಿಯಲ್ಲಿ ಎಷ್ಟು ಜಾಗ ಇದೆ ನೋಡಿ. ವ್ಯಾಖ್ಯೆ ಸಡಿಲ ಇದ್ದರೆ ಅದರ ಮೇಲೆ ಕಟ್ಟಿದ ಎಲ್ಲ ಅಧಿಕಾರವೂ ಸಡಿಲವೇ.

ಕೊನೆಯದಾಗಿ, ಕಾಯ್ದೆಗೆ ಆಯಸ್ಸು ಇದೆಯಾ ಅಂತ ನೋಡಿ. ಇಷ್ಟು ವರ್ಷಕ್ಕೆ ತಾನಾಗಿಯೇ ಮುಗಿಯುತ್ತದೆ, ಮುಂದುವರಿಸಬೇಕಾದರೆ ಸಂಸತ್ತು ಮತ್ತೆ ಒಪ್ಪಬೇಕು ಅನ್ನುವ ಷರತ್ತು ಇದ್ದರೆ ಅದೂ ಒಂದು ಕಾವಲು. ಭಯೋತ್ಪಾದನೆ ತಡೆಗೆ ಭಾರತದಲ್ಲಿ ಹಿಂದೆ ಇದ್ದ ಟಾಡಾ ಅಂಥ ಕಾಯ್ದೆಯಾಗಿತ್ತು. 1995ರಲ್ಲಿ ಅದರ ಅವಧಿ ಮುಗಿಯುವ ಮೊದಲು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಸಂಸದರಿಗೆಲ್ಲ ಪತ್ರ ಬರೆದು ಇದನ್ನು ಮುಂದುವರಿಸಬೇಡಿ ಅಂದರು. ಆ ವರ್ಷ ಮೇ ತಿಂಗಳಲ್ಲಿ ಟಾಡಾ ಮುಗಿಯಿತು. ಕಾಯ್ದೆಗೆ ಕೊನೆಯ ದಿನಾಂಕ ಇದ್ದದ್ದರಿಂದಲೇ ಆ ಪತ್ರಕ್ಕೆ ಒಂದು ಬೆಲೆ ಬಂತು, ಅಲ್ವಾ? ಟಾಡಾ ನಂತರ ಬಂದ ಪೋಟಾ ಕಾಯ್ದೆಗೂ ಮೂರು ವರ್ಷದ ಆಯಸ್ಸು ಇತ್ತು, 2004ರಲ್ಲಿ ಅದು ರದ್ದಾಯಿತು. ಆದರೆ ಅದೇ ವರ್ಷ ಅದರ ಹಲವು ಭಾಗಗಳು ಯುಎಪಿಎಗೆ ಬಂದು ಸೇರಿಕೊಂಡವು. ಯುಎಪಿಎಗೆ ಮುಗಿಯುವ ದಿನಾಂಕ ಇಲ್ಲ.

ಕಾವಲಿಗೆ ಯಾರು ಕೂತಿದ್ದಾರೆ, ಅವರ ಕಣ್ಣಿಗೆ ಏನು ಬೀಳುತ್ತದೆ

ಈಗ ಪರಿಶೀಲಕರ ಕಡೆಗೆ ಬನ್ನಿ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ, ಆದರೆ ನನ್ನ ಪ್ರಕಾರ ಮೂರು ಸಿಕ್ಕರೆ ಉಳಿದದ್ದು ತಾನಾಗಿಯೇ ಗೊತ್ತಾಗುತ್ತದೆ. ಗುಪ್ತ ಕಡತ ಅವರಿಗೆ ಸಿಗುತ್ತದಾ? ಅವರು ಬರೆದದ್ದು ನಮಗೆ ಸಿಗುತ್ತದಾ? ಸರ್ಕಾರ ಅದಕ್ಕೆ ಉತ್ತರ ಕೊಡಲೇಬೇಕಾ?

ಬ್ರಿಟನ್ನಿನ ಸ್ವತಂತ್ರ ಪರಿಶೀಲಕರ ಹುದ್ದೆಯ ಬೇರು 1970ರ ದಶಕದಲ್ಲಿದೆ. 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಕೆಲವೇ ದಿನಗಳಲ್ಲಿ 'ತಾತ್ಕಾಲಿಕ' ಅನ್ನುವ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡು ಒಂದು ಕಾಯ್ದೆ ಬಂತು. ಆತುರದಲ್ಲಿ ಮಾಡಿದ ಕಾಯ್ದೆಯನ್ನು ಯಾರಾದರೂ ಹೊರಗಿನವರು ನೋಡಬೇಕು ಅಂತ 1978ರಲ್ಲಿ ಲಾರ್ಡ್ ಶ್ಯಾಕಲ್ಟನ್, 1983ರಲ್ಲಿ ಲಾರ್ಡ್ ಜೆಲಿಕೋ ಪರಿಶೀಲನೆ ಮಾಡಿದರು. 2001ರಿಂದ ಹತ್ತು ವರ್ಷ ಲಾರ್ಡ್ ಕಾರ್ಲೈಲ್, ಆಮೇಲೆ ಆಂಡರ್ಸನ್, ಮ್ಯಾಕ್ಸ್ ಹಿಲ್, 2019ರಿಂದ ಜೊನಾಥನ್ ಹಾಲ್. 2001ರಿಂದ ಬಂದ ಈ ನಾಲ್ವರೂ ವಕೀಲರು. ನೇಮಕ ಮಾಡುವುದು ಗೃಹ ಸಚಿವರು. ಇವರಿಗೆ ಯಾರನ್ನೂ ಬಿಡಿಸುವ ಅಧಿಕಾರ ಇಲ್ಲ, ಯಾವ ಆದೇಶವನ್ನೂ ರದ್ದು ಮಾಡುವಂತಿಲ್ಲ. ಆದರೆ ಅತಿ ಗುಪ್ತ ಕಡತಗಳನ್ನು ನೋಡಬಹುದು, ವರ್ಷಕ್ಕೊಮ್ಮೆ ವರದಿ ಬರೆಯಬೇಕು, ಆ ವರದಿಯನ್ನು ಸಚಿವರು ಸಂಸತ್ತಿನ ಮುಂದಿಡಬೇಕು. ಬರೀ ಓದುವುದು, ಬರೆಯುವುದು. ಕೇಳಲು ಇಷ್ಟೇನಾ ಅನಿಸಬಹುದು. ಗುಪ್ತ ಕಡತ ನೋಡಿದ ಒಬ್ಬರು, ಸರ್ಕಾರ ಹೇಳಿದ್ದು ಆ ಕಡತದಲ್ಲಿ ಇಲ್ಲ ಅಂತ ಬಹಿರಂಗವಾಗಿ ಬರೆಯುವುದು ಸಣ್ಣ ಸಂಗತಿ ಅಲ್ಲ. ನಮಗ್ಯಾರಿಗೂ ಆ ಕಡತ ಸಿಗುವುದೇ ಇಲ್ಲ.

ಆಸ್ಟ್ರೇಲಿಯಾ 2010ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ಅಲ್ಲಿನ ಹುದ್ದೆಗೆ ರಾಷ್ಟ್ರೀಯ ಭದ್ರತಾ ಕಾನೂನುಗಳ ಸ್ವತಂತ್ರ ಮೇಲ್ವಿಚಾರಕ ಅಂತ ಹೆಸರು. ಅವರು ವಿಚಾರಣೆ ನಡೆಸಬಹುದು, ಅಧಿಕಾರಿಗಳನ್ನು ಕರೆಸಬಹುದು, ಕಾಗದಪತ್ರ ತರಿಸಬಹುದು. ನೇಮಕಕ್ಕೆ ಮೊದಲು ಪ್ರಧಾನಿ ವಿರೋಧ ಪಕ್ಷದ ನಾಯಕರ ಜೊತೆ ಮಾತಾಡಬೇಕು. ವಾರ್ಷಿಕ ವರದಿ ಕೈಗೆ ಬಂದ ಮೇಲೆ ಸಂಸತ್ತು ಸೇರಿದ 15 ದಿನಗಳ ಒಳಗೆ ಅದನ್ನು ಸದನದಲ್ಲಿ ಇಡಬೇಕು. ಹೀಗೆ ದಿನ ನಿಗದಿ ಮಾಡಿರುವುದು ಸಣ್ಣದು ಅನಿಸಿದರೂ ನಾನು ಯಾವ ದೇಶದ ಕಾಯ್ದೆ ತೆಗೆದರೂ ಮೊದಲು ಹುಡುಕುವುದು ಇಂಥ ಅಂಕಿಯನ್ನೇ. ದಿನ ನಿಗದಿ ಇಲ್ಲದ ಕಡೆ ವರದಿ ಮೇಜಿನ ಮೇಲೆ ಕೂತುಬಿಡಬಹುದು.

ಅಮೆರಿಕದಲ್ಲಿ ಒಬ್ಬರ ಬದಲು ಐದು ಜನರ ಮಂಡಳಿ. ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯಗಳ ಮೇಲ್ವಿಚಾರಣೆ ಅದರ ಕೆಲಸ. ಒಂದೇ ಪಕ್ಷದವರು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ. ಸೆಪ್ಟೆಂಬರ್ 11ರ ದಾಳಿ ಬಗ್ಗೆ ತನಿಖೆ ಮಾಡಿದ ಆಯೋಗದ ಸಲಹೆಯಿಂದ ಹುಟ್ಟಿದ ಮಂಡಳಿ ಇದು, 2007ರಲ್ಲಿ ಕಾನೂನು ತಿದ್ದಿ ಸ್ವತಂತ್ರ ಸಂಸ್ಥೆ ಮಾಡಿದರು. ಕಾಗದದಲ್ಲಿ ಚೆನ್ನಾಗಿದೆ. ಆದರೆ 2008ರಿಂದ 2012ರವರೆಗೆ ಮಂಡಳಿಯಲ್ಲಿ ಸದಸ್ಯರೇ ಇರಲಿಲ್ಲ. 2025ರ ಜನವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಮೂವರು ಸದಸ್ಯರನ್ನು ತೆಗೆದುಹಾಕಿದ ಮೇಲೆ ಕೋರಂ ಇಲ್ಲದಂತಾಯಿತು. ಸದಸ್ಯರನ್ನು ಇಂಥ ಕಾರಣಕ್ಕೆ ಮಾತ್ರ ತೆಗೆಯಬೇಕು ಅಂತ ಕಾಯ್ದೆಯಲ್ಲಿ ಬಿಡಿಸಿ ಬರೆದಿರಲಿಲ್ಲ. ಅದಕ್ಕೇ ಹೇಳುವುದು, ನೇಮಕ ಹೇಗೆ ಅಂತ ನೋಡಿದವರು ತೆಗೆಯುವುದು ಹೇಗೆ ಅಂತಲೂ ನೋಡಬೇಕು. ಜೊತೆಗೆ ಈ ಹೊತ್ತಿನಲ್ಲಿ ಕುರ್ಚಿಯಲ್ಲಿ ಯಾರಾದರೂ ಇದ್ದಾರಾ ಅಂತಲೂ ನೋಡಿ. ಖಾಲಿ ಕುರ್ಚಿಯೂ ಕಾಗದದ ಮೇಲೆ ಒಂದು ಸಂಸ್ಥೆಯೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಪರಿಶೀಲಕರು ನಿಮ್ಮ ಅಥವಾ ನಿಮ್ಮವರ ಕೇಸ್ ನೋಡುವವರಲ್ಲ. ಇಡೀ ಕಾಯ್ದೆ ಹೇಗೆ ನಡೆಯುತ್ತಿದೆ ಅನ್ನುವುದು ಮಾತ್ರ ಅವರ ಕೆಲಸ. ಒಳಗಿರುವವರನ್ನು ಬಿಡಿಸಲು ಬೇಕಾದದ್ದು ವಕೀಲರು, ಕೋರ್ಟು. ಆ ಹೊತ್ತಿನಲ್ಲಿ ಪರಿಶೀಲಕರಿಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂತು ಕೋರ್ಟಿನ ದಿನ ತಪ್ಪಿಸಿಕೊಳ್ಳಬೇಡಿ.

ವರದಿಯನ್ನು ಅಂಕಿ ಇರುವ ಪುಟದಿಂದ ಓದಿ

ಮುನ್ನುಡಿ, ಸಾರಾಂಶ ಆಮೇಲೆ ನೋಡಿದರೂ ನಡೆಯುತ್ತದೆ. ಮೊದಲು ಅಂಕಿಗಳ ಪಟ್ಟಿ ಹುಡುಕಿ. ಪ್ರತಿ ಅಧಿಕಾರಕ್ಕೂ ಮೂರು ಅಂಕಿ ಬೇಕು: ಎಷ್ಟು ಸಲ ಬಳಸಿದರು, ಎಷ್ಟು ಜನರ ಮೇಲೆ ಚಾರ್ಜ್ ಬಿತ್ತು, ಎಷ್ಟು ಜನರಿಗೆ ಶಿಕ್ಷೆ ಆಯಿತು. ಜೊತೆಗೆ, ಚಾರ್ಜ್ ಬಿದ್ದದ್ದು ಭಯೋತ್ಪಾದನೆಗಾ, ತಪಾಸಣೆ ಮಾಡುವಾಗ ಸಿಕ್ಕ ಬೇರೆ ಯಾವುದೋ ಅಪರಾಧಕ್ಕಾ ಅಂತ ಬಿಡಿಸಿ ನೋಡಿ. ಈ ಎರಡನ್ನು ಒಟ್ಟಿಗೆ ಕೂಡಿಸಿ ತೋರಿಸಿದರೆ ಅಧಿಕಾರ ಬಹಳ ಫಲ ಕೊಟ್ಟಂತೆ ಕಾಣುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಬ್ರಿಟನ್ನಿನ ಕಾಯ್ದೆಯಲ್ಲಿ 44ನೇ ಸೆಕ್ಷನ್ ಅಂತ ಒಂದು ಇತ್ತು. ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಒಂದು ಪ್ರದೇಶವನ್ನು ಗುರುತು ಮಾಡಿ ಆದೇಶ ಹೊರಡಿಸಿದರೆ, ಅಲ್ಲಿ ಯಾರನ್ನು ಬೇಕಾದರೂ, ಯಾವ ಅನುಮಾನವೂ ಇಲ್ಲದೆ, ತಡೆದು ತಪಾಸಣೆ ಮಾಡಬಹುದಿತ್ತು. ಒಂದು ಆದೇಶ 28 ದಿನ ನಡೆಯುತ್ತಿತ್ತು. ಅಂದರೆ ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಒಂದು ಜಾಗ, ಸ್ವಲ್ಪ ಕಾಲ.

2003ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಶಸ್ತ್ರಾಸ್ತ್ರಗಳ ಮೇಳ ನಡೆಯುತ್ತಿತ್ತು, ಹೊರಗೆ ಪ್ರತಿಭಟನೆ. ಅಲ್ಲಿಗೆ ಸೈಕಲ್ ಮೇಲೆ ಹೊರಟಿದ್ದ ಗಿಲ್ಲನ್ ಅನ್ನುವ ವಿದ್ಯಾರ್ಥಿಯನ್ನು ಪೊಲೀಸರು ತಡೆದು ಚೀಲ ತೆಗೆಸಿದರು. ಸುಮಾರು 20 ನಿಮಿಷ. ಸಿಕ್ಕದ್ದು ಪ್ರತಿಭಟನೆ ಬಗ್ಗೆ ಇದ್ದ ಕೆಲವು ಮುದ್ರಿತ ಹಾಳೆ. ಅದೇ ದಿನ ಕ್ವಿಂಟನ್ ಅನ್ನುವ ಪತ್ರಕರ್ತೆ ಕ್ಯಾಮೆರಾ ಹಿಡಿದು ಚಿತ್ರೀಕರಣಕ್ಕೆ ಬಂದಿದ್ದರು. ಪ್ರೆಸ್ ಕಾರ್ಡ್ ತೋರಿಸಿದರೂ ತಪಾಸಣೆ ಬಿಡಲಿಲ್ಲ. ಪೊಲೀಸ್ ದಾಖಲೆಯಲ್ಲಿ ಅದಕ್ಕೆ ಹಿಡಿದ ಸಮಯ ಐದು ನಿಮಿಷ. ಆಕೆಯ ಲೆಕ್ಕದಲ್ಲಿ ಅರ್ಧ ಗಂಟೆ. ಈ ಐದು ನಿಮಿಷ ಮತ್ತು ಅರ್ಧ ಗಂಟೆಯ ನಡುವಿನ ಅಂತರ ನೆನಪಿಟ್ಟುಕೊಳ್ಳಿ. ಯಾವುದೇ ವರದಿಯಲ್ಲಿ 'ಸರಾಸರಿ ಅವಧಿ' ಅಂತ ಅಂಕಿ ಬಂದಾಗ, ಗಡಿಯಾರ ನೋಡಿ ಬರೆದವರು ಯಾರು ಅಂತ ಕೇಳಿಕೊಳ್ಳಬೇಕು.

ಇಬ್ಬರೂ ಕೋರ್ಟಿಗೆ ಹೋದರು. ಕೇಸ್ ನಡೆದಾಗ ಗೊತ್ತಾದದ್ದು ಇನ್ನೂ ದೊಡ್ಡದು. 2001ರ ಫೆಬ್ರವರಿಯಿಂದ ಇಡೀ ಲಂಡನ್ ಪೊಲೀಸ್ ವ್ಯಾಪ್ತಿಗೆ ಈ ಆದೇಶವನ್ನು ಬಿಡದೆ ನವೀಕರಿಸುತ್ತಾ ಬಂದಿದ್ದರು. 28 ದಿನ ಮುಗಿಯುತ್ತಲೇ ಮತ್ತೊಂದು 28. ಸ್ವಲ್ಪ ಜಾಗಕ್ಕೆ, ಸ್ವಲ್ಪ ಕಾಲಕ್ಕೆ ಅಂತ ಕೊಟ್ಟದ್ದು ಇಡೀ ನಗರಕ್ಕೆ, ಸದಾಕಾಲಕ್ಕೆ ಆಗಿಹೋಗಿತ್ತು. 2004-05ರಲ್ಲಿ ಈ ಸೆಕ್ಷನ್ ಅಡಿ 33,177 ತಪಾಸಣೆ ದಾಖಲಾಗಿದ್ದವು, 2007-08ಕ್ಕೆ 1,17,278 ಆದವು. ಇಷ್ಟೊಂದು ತಪಾಸಣೆಯಿಂದ ಒಬ್ಬರಿಗೂ ಭಯೋತ್ಪಾದನೆ ಅಪರಾಧದಲ್ಲಿ ಶಿಕ್ಷೆ ಆಗಿಲ್ಲ ಅಂತ ಬರೆದವರು ಪರಿಶೀಲಕ ಕಾರ್ಲೈಲ್. ಇಡೀ ಲಂಡನ್ನನ್ನು ಕಾಯಂ ಆಗಿ ಇದರ ಅಡಿಗೆ ತರಲು ಕಾರಣ ಕಾಣುತ್ತಿಲ್ಲ ಅಂತಲೂ ಬರೆದರು. ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ನಿಜಕ್ಕೂ ಸಂಕಟ ಆಯಿತು. ಅಂಕಿಗಳಲ್ಲಿ ಜನಾಂಗಗಳ ಸಮತೋಲನ ಕಾಣಲಿ ಅಂತ, ಯಾವ ಅನುಮಾನಕ್ಕೂ ದೂರ ಇದ್ದ ಜನರನ್ನು ಸುಮ್ನೆ ತಡೆದು ನಿಲ್ಲಿಸುತ್ತಿದ್ದಾರೆ ಅನ್ನುವ ಮಾತು ಅವರ ವರದಿಯಲ್ಲಿದೆ. ಒಂದು ಕಡೆ ಅಂಕಿ ಸರಿ ಕಾಣಿಸಲು ಇನ್ನೊಂದು ಕಡೆ ಜನರನ್ನು ಬೀದಿಯಲ್ಲಿ ನಿಲ್ಲಿಸುವುದು.

ಬ್ರಿಟನ್ನಿನ ಮೇಲ್ಮನೆಯ ನ್ಯಾಯಾಧೀಶರು (ಆಗ ಅಲ್ಲಿನ ಅತಿ ದೊಡ್ಡ ಕೋರ್ಟು ಅದೇ) 2006ರಲ್ಲಿ ಗಿಲ್ಲನ್ ಮತ್ತು ಕ್ವಿಂಟನ್ ಅವರ ಅರ್ಜಿಯನ್ನು ತಳ್ಳಿಹಾಕಿದ್ದರು. 2010ರ ಜನವರಿ 12ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಅಧಿಕಾರ ಖಾಸಗಿ ಬದುಕಿನ ಹಕ್ಕನ್ನು ಮುರಿಯುತ್ತದೆ ಅಂತ ತೀರ್ಪು ಕೊಟ್ಟಿತು. ತೀರ್ಪಿನಲ್ಲಿ ಕಾರ್ಲೈಲ್ ವರದಿಗಳನ್ನೇ ಎತ್ತಿ ಹೇಳಿದೆ. ಆ ವರ್ಷ ಜುಲೈನಲ್ಲಿ ಬಳಕೆ ನಿಂತಿತು, 2012ರಲ್ಲಿ ಸೆಕ್ಷನ್ನೇ ಹೋಗಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂತು. ಪರಿಶೀಲಕರು ಏನನ್ನೂ ರದ್ದು ಮಾಡಲಿಲ್ಲ. ಆದರೆ ಕೋರ್ಟಿನ ಕೈಗೆ ಅಂಕಿ ಕೊಟ್ಟರು. ನೀವು ಯಾವುದೇ ವರದಿ ಓದುವಾಗಲೂ, ಇದನ್ನು ಯಾವ ಕೋರ್ಟು ಎತ್ತಿಕೊಂಡಿದೆ ಅಂತ ಹುಡುಕಿ ನೋಡುವುದು ಒಳ್ಳೆಯದು. ವರದಿಯ ತೂಕ ಅಲ್ಲಿ ತಿಳಿಯುತ್ತದೆ.

ಅಂಕಿ ಸೊನ್ನೆ ಇದ್ದರೂ ಬಿಡಬೇಡಿ. ಸೊನ್ನೆಗೆ ಎರಡು ಅರ್ಥ. ಅಧಿಕಾರವನ್ನು ತುಂಬಾ ಎಚ್ಚರದಿಂದ ಬಳಸುತ್ತಿದ್ದಾರೆ ಅಂತಲೂ ಆಗಬಹುದು, ಅದು ಬೇಕೇ ಇರಲಿಲ್ಲ ಅಂತಲೂ ಆಗಬಹುದು. ಆಸ್ಟ್ರೇಲಿಯಾದಲ್ಲಿ 2003ರಲ್ಲಿ ಗುಪ್ತಚರ ಸಂಸ್ಥೆಗೆ ಜನರನ್ನು ಹಿಡಿದಿಟ್ಟು ಪ್ರಶ್ನೆ ಮಾಡುವ ವಾರೆಂಟ್ ಅಧಿಕಾರ ಕೊಟ್ಟರು. ಬರೀ ಮಾಹಿತಿ ಸಿಗಬಹುದು ಅಂತ, ಅಪರಾಧದ ಆರೋಪವೇ ಇಲ್ಲದ ವ್ಯಕ್ತಿಯನ್ನೂ ಏಳು ದಿನದವರೆಗೆ ಇಟ್ಟುಕೊಳ್ಳಬಹುದಿತ್ತು. ಅದನ್ನು ಒಮ್ಮೆಯೂ ಬಳಸಲಿಲ್ಲ. ಮೊದಲ ಮೇಲ್ವಿಚಾರಕ ಬ್ರೆಟ್ ವಾಕರ್ 2012ರಲ್ಲೇ ಇದನ್ನು ತೆಗೆಯಿರಿ ಅಂದರು. ಅವರ ನಂತರ ಬಂದ ರೋಜರ್ ಗೈಲ್ಸ್ 2016ರಲ್ಲಿ ಅದನ್ನೇ ಅಂದರು. ತೆಗೆದದ್ದು 2020ರ ಡಿಸೆಂಬರ್‌ನಲ್ಲಿ.

ವರದಿ ಸರ್ಕಾರದ ಪರವಾಗಿ ಬಂದರೆ ಏನು ಮಾಡುವುದು? ಅದನ್ನೂ ಅಷ್ಟೇ ಗಮನ ಕೊಟ್ಟು ಓದಬೇಕು. ನಮಗೆ ಹಿಡಿಸಿದ ವರದಿಯನ್ನು ಮಾತ್ರ ಸ್ವತಂತ್ರ ಅಂತ ಕರೆಯುವುದು ಸರಿಯಲ್ಲ. ಅಮೆರಿಕದ ಮಂಡಳಿ 2014ರ ಜನವರಿಯಲ್ಲಿ, ಜನರ ಫೋನ್ ಕರೆಗಳ ದಾಖಲೆಯನ್ನು ರಾಶಿಗಟ್ಟಲೆ ಕೂಡಿಹಾಕುವ ಯೋಜನೆಯನ್ನು ನೋಡಿ, ಭಯೋತ್ಪಾದನೆ ತನಿಖೆಯ ಫಲಿತಾಂಶವನ್ನು ಇದು ಬದಲಿಸಿದ ಒಂದು ನಿದರ್ಶನವೂ ಸಿಗಲಿಲ್ಲ ಅಂತ ಬರೆಯಿತು. ಮುಂದಿನ ವರ್ಷ ಕಾನೂನು ಬದಲಾಗಿ ಆ ಯೋಜನೆ ನಿಂತಿತು. ಅದೇ ಮಂಡಳಿ ಅದೇ ವರ್ಷ ಜುಲೈನಲ್ಲಿ, ಹೊರದೇಶದವರ ಸಂವಹನ ಸಂಗ್ರಹಿಸುವ ಇನ್ನೊಂದು ಯೋಜನೆ ಉಪಯುಕ್ತ, ಅದರ ಮುಖ್ಯ ಭಾಗ ಕಾನೂನಿಗೆ ಸರಿಯಾಗಿದೆ ಅಂತಲೂ ಬರೆಯಿತು. ಇಂಥ ಕಡೆ ನಾನು ನೋಡುವುದು ಒಂದೇ. ಬೇಕು ಅಂದದ್ದಕ್ಕೆ ಉದಾಹರಣೆ ಕೊಟ್ಟಿದ್ದಾರಾ, ಏಜೆನ್ಸಿ ಹೇಳಿದ್ದನ್ನು ಹಾಗೇ ನಕಲು ಮಾಡಿದ್ದಾರಾ? ಆಂಡರ್ಸನ್ 2016ರಲ್ಲಿ ಬ್ರಿಟನ್ನಿನ ರಾಶಿ ಸಂಗ್ರಹದ ಅಧಿಕಾರಗಳನ್ನು ಒಂದೊಂದಾಗಿ ಬೇರೆ ಮಾಡಿ ನೋಡಿ, ಉಳಿದವಕ್ಕೆ ಅಗತ್ಯ ಸಾಬೀತಾಗಿದೆ, ಆದರೆ ಫೋನ್, ಕಂಪ್ಯೂಟರ್‌ನಂಥ ಸಾಧನಗಳಿಗೆ ರಾಶಿಯಾಗಿ ನುಗ್ಗುವ ಅಧಿಕಾರಕ್ಕೆ ಇನ್ನೂ ಸಾಬೀತಾಗಿಲ್ಲ ಅಂದರು. ಹೀಗೆ ಬಿಡಿಸಿ ಹೇಳಿದ್ದರೆ ಒಪ್ಪದವರೂ ನಂಬಬಹುದು. ಎಲ್ಲವೂ ಸರಿಯಾಗಿದೆ ಅಂತ ಒಂದೇ ಪ್ಯಾರಾದಲ್ಲಿ ಮುಗಿಸಿದ್ದರೆ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಪ್ರಶ್ನೆ ಚಿಹ್ನೆ ಹಾಕಿ.

ಶಿಫಾರಸಿನ ಬೆನ್ನು ಹತ್ತಿ

ವರದಿ ಓದಿ ಮುಗಿಸಿದ ಮೇಲೆ ಶಿಫಾರಸುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಪಕ್ಕದಲ್ಲಿ ಸರ್ಕಾರದ ಉತ್ತರ ಬರೆಯಿರಿ: ಒಪ್ಪಿದೆ, ಒಪ್ಪಿಲ್ಲ, ಪರಿಶೀಲಿಸುತ್ತೇವೆ. ಈ ಮೂರನೆಯದು ಅಪಾಯದ್ದು. ಅದು ಒಪ್ಪಿಗೆಯಂತೆ ಕೇಳಿಸುತ್ತದೆ, ವರ್ಷಗಟ್ಟಲೆ ಏನೂ ಆಗುವುದಿಲ್ಲ. ಹಿಂದಿನ ಎರಡು ಮೂರು ವರ್ಷದ ವರದಿಗಳನ್ನೂ ತೆಗೆದು ಅದೇ ಶಿಫಾರಸು ಎಷ್ಟನೇ ಸಲ ಬರುತ್ತಿದೆ ಅಂತ ಎಣಿಸಿ. ಮೂರನೇ ಸಲ ಅಂದರೆ ಅದೇ ಸುದ್ದಿ. ಪತ್ರಕರ್ತರಿಗೆ, ಸಂಸದರಿಗೆ ಬರೆಯುವುದಾದರೆ ಆ ಸಾಲನ್ನೇ ಮೊದಲು ಹಾಕಿ.

ಒಪ್ಪಿದ್ದೇವೆ ಅಂದದ್ದು ಕಾಯ್ದೆಯ ಪಠ್ಯಕ್ಕೆ ಬಂತಾ ಅಂತಲೂ ನೋಡಬೇಕು. ಬ್ರಿಟನ್ನಿನಲ್ಲಿ ವಿಮಾನ ನಿಲ್ದಾಣ, ಬಂದರುಗಳಲ್ಲಿ ಅನುಮಾನ ಇಲ್ಲದೆಯೇ ಪ್ರಯಾಣಿಕರನ್ನು ತಡೆದು ಪ್ರಶ್ನಿಸುವ ಅಧಿಕಾರಕ್ಕೆ ಇದ್ದ ಮಿತಿ 9 ಗಂಟೆ. 2013ರ ಆಗಸ್ಟ್‌ನಲ್ಲಿ ಪತ್ರಕರ್ತರೊಬ್ಬರ ಸಂಗಾತಿಯಾಗಿದ್ದ ಡೇವಿಡ್ ಮಿರಾಂಡಾ ಅವರನ್ನು ಹೀಥ್ರೂದಲ್ಲಿ ಹೆಚ್ಚುಕಡಿಮೆ ಆ 9 ಗಂಟೆಯೂ ಇಟ್ಟುಕೊಂಡರು, ಪತ್ರಿಕಾ ಕೆಲಸಕ್ಕೆ ಸೇರಿದ ಕಡತಗಳು ಅವರ ಬಳಿ ಇದ್ದವು. 2014ರ ಕಾಯ್ದೆಯಲ್ಲಿ ಮಿತಿ 6 ಗಂಟೆಗೆ ಇಳಿಯಿತು. ಪತ್ರಕರ್ತರ ಕಡತಗಳಿಗೆ ಸಾಕಷ್ಟು ರಕ್ಷಣೆ ಇಲ್ಲ ಅಂತ 2016ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. 9 ಹೋಗಿ 6 ಅಂತ ಪಠ್ಯದಲ್ಲಿ ಕಂಡರೆ ಮಾತ್ರ ಟಿಕ್ ಹಾಕಿ, ಸಚಿವರ ಭಾಷಣಕ್ಕೆ ಹಾಕಬೇಡಿ.

ಶಿಫಾರಸು ಮಾಡಿದವರಿಗೆ ಏನಾಯಿತು ಅಂತಲೂ ನೋಡಿ. 2014ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮೇಲ್ವಿಚಾರಕರ ಹುದ್ದೆಯನ್ನೇ ತೆಗೆಯಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟಿತು.

ಪರಿಶೀಲಕರೇ ಇಲ್ಲದ ಕಡೆ

ಭಾರತದಲ್ಲಿ ಯುಎಪಿಎ ಬಗ್ಗೆ ಪ್ರತಿವರ್ಷ ಸಂಸತ್ತಿಗೆ ವರದಿ ಕೊಡುವ ಸ್ವತಂತ್ರ ಪರಿಶೀಲಕರು ಇಲ್ಲ. ಹಾಗಂತ ಕೈ ಕಟ್ಟಿ ಕೂರಬೇಕಿಲ್ಲ. ತುಂಡು ತುಂಡಾಗಿ ಇರುವುದನ್ನು ನಾವೇ ಜೋಡಿಸಬೇಕು, ಕೆಲಸ ಸ್ವಲ್ಪ ಜಾಸ್ತಿ, ಅಷ್ಟೇ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷದ ವರದಿಯಲ್ಲಿ ಯುಎಪಿಎ ಕೇಸುಗಳ ಅಂಕಿ ಇರುತ್ತದೆ. ಲೋಕಸಭೆ, ರಾಜ್ಯಸಭೆಯಲ್ಲಿ ಗೃಹ ಇಲಾಖೆ ಕೊಟ್ಟ ಉತ್ತರಗಳು ಎರಡೂ ಸದನಗಳ ವೆಬ್‌ಸೈಟಿನಲ್ಲಿ ಸಿಗುತ್ತವೆ. ಬಂಧನ ಎಷ್ಟು, ಶಿಕ್ಷೆ ಎಷ್ಟು, ಬಿಡುಗಡೆ ಎಷ್ಟು, ವಿಚಾರಣೆ ಮುಗಿಯದೆ ಉಳಿದದ್ದು ಎಷ್ಟು ಅಂತ ನಿಮ್ಮದೇ ಪಟ್ಟಿ ಮಾಡಿ. ಒಂದು ವರ್ಷ ಬಂಧಿಸಿದವರಿಗೆ ಅದೇ ವರ್ಷ ಶಿಕ್ಷೆ ಆಗುವುದಿಲ್ಲ, ಆದ್ದರಿಂದ ಆ ಎರಡು ಅಂಕಿಯನ್ನು ಭಾಗಿಸಿ ಇದೇ ಶಿಕ್ಷೆಯ ಪ್ರಮಾಣ ಅಂತ ಬರೆಯಬೇಡಿ. ಕಾಳಜಿ ಇರುವವರೇ ಈ ತಪ್ಪು ಮಾಡುತ್ತಾರೆ, ಆಮೇಲೆ ಇಡೀ ವಾದವನ್ನೇ ಎದುರಿನವರು ತಳ್ಳಿಹಾಕುತ್ತಾರೆ. ಮಾಹಿತಿ ಹಕ್ಕು ಅರ್ಜಿ ಹಾಕುವವರಿಗೆ ಒಂದು ಎಚ್ಚರಿಕೆ: ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪದ ವಿಷಯ ಬಿಟ್ಟರೆ ಬೇರೆ ಮಾಹಿತಿ ಕೊಡಬೇಕಿಲ್ಲ.

ಯುಎಪಿಎ ಒಳಗೇ ಒಂದು ಸಣ್ಣ ಕಾವಲು ಇದೆ, ಅದನ್ನು ತುಂಬಾ ಜನ ನೋಡುವುದೇ ಇಲ್ಲ. 45ನೇ ಸೆಕ್ಷನ್ ಪ್ರಕಾರ ಸರ್ಕಾರದ ಮಂಜೂರಾತಿ ಇಲ್ಲದೆ ಕೋರ್ಟು ಕೇಸನ್ನು ಕೈಗೆ ತೆಗೆದುಕೊಳ್ಳುವಂತಿಲ್ಲ. 2008ರ ತಿದ್ದುಪಡಿ ಆದ ಮೇಲೆ, ಮಂಜೂರಾತಿಗೆ ಮೊದಲು ಒಂದು ಪ್ರಾಧಿಕಾರ ಸಾಕ್ಷ್ಯವನ್ನು ಸ್ವತಂತ್ರವಾಗಿ ನೋಡಿ ಶಿಫಾರಸು ಕೊಡಬೇಕು. ಅದನ್ನು ನೇಮಿಸುವುದು ಸರ್ಕಾರವೇ, ಅದು ನಿಜ. ಆದರೆ ನಿಯಮದಲ್ಲಿ ದಿನ ನಿಗದಿ ಇದೆ. ಸಾಕ್ಷ್ಯ ಬಂದ 7 ಕೆಲಸದ ದಿನದೊಳಗೆ ಪ್ರಾಧಿಕಾರದ ಶಿಫಾರಸು, ಶಿಫಾರಸು ಬಂದ 7 ಕೆಲಸದ ದಿನದೊಳಗೆ ಸರ್ಕಾರದ ತೀರ್ಮಾನ. ಈ ದಿನಗಳನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಫೂಲೇಶ್ವರ್ ಗೋಪ್ ಪ್ರಕರಣದಲ್ಲಿ ಹೇಳಿತು, ಅಲ್ಲಿಂದ ಮುಂದಿನ ಮಂಜೂರಾತಿಗಳಿಗೆ ಅನ್ವಯ ಆಗುವಂತೆ. ಆದ್ದರಿಂದ ಯಾವುದಾದರೂ ಚಾರ್ಜ್‌ಶೀಟ್ ಅಥವಾ ತೀರ್ಪು ಕೈಗೆ ಸಿಕ್ಕರೆ ಮೂರು ತಾರೀಖಿಗೆ ಗೆರೆ ಹಾಕಿ: ಸಾಕ್ಷ್ಯ ಹೋದದ್ದು, ಶಿಫಾರಸು ಬಂದದ್ದು, ಮಂಜೂರಾತಿ ಆದದ್ದು. ಕ್ಯಾಲೆಂಡರ್ ತೆಗೆದು ಭಾನುವಾರ, ರಜೆ ಕಳೆದು ಬೆರಳಿನಲ್ಲಿ ಎಣಿಸಿ. ಸಾವಿರ ಪುಟದ ಕಡತವನ್ನು ಒಂದೇ ದಿನದಲ್ಲಿ ನೋಡಿ ಶಿಫಾರಸು ಕೊಟ್ಟಿದ್ದರೆ, ದಿನದ ಮಿತಿ ಮೀರಿಲ್ಲ ನಿಜ, ನೋಡಿದ್ದಾರಾ ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ.

ಜಾಮೀನಿನ ತೀರ್ಪುಗಳನ್ನೂ ಓದಿ. 43ಡಿ(5) ಪ್ರಕಾರ, ಪೊಲೀಸರ ಕಾಗದ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಜಾಮೀನು ಇಲ್ಲ. ಚಾರ್ಜ್‌ಶೀಟಿಗೆ 180 ದಿನದವರೆಗೆ ಸಮಯ ಸಿಗಬಹುದು. 2021ರ ಫೆಬ್ರವರಿಯಲ್ಲಿ ಕೆ.ಎ. ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಈ ಸೆಕ್ಷನ್ ಇದ್ದರೂ ಸಂವಿಧಾನದ ಹಕ್ಕಿನ ಮೇಲೆ ಜಾಮೀನು ಕೊಡಬಹುದು ಅಂದಿತು. ಆರೋಪಿ ಒಳಗೆ ಐದು ವರ್ಷಕ್ಕೂ ಮೇಲೆ ಕಳೆದಿದ್ದರು. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ತೀರ್ಪುಗಳಲ್ಲಿ ಇಂಥ ಅಂಕಿಗಳನ್ನು ಹೆಕ್ಕಿ ಬರೆದಿಟ್ಟುಕೊಳ್ಳಿ, ಪರಿಶೀಲಕರು ಇಲ್ಲದ ದೇಶದಲ್ಲಿ ಅದೇ ನಮ್ಮ ವಾರ್ಷಿಕ ವರದಿ.

ನಿಮ್ಮ ಅನುಭವ ಬರೆದು ಕೊಡುವುದಾದರೆ

ಪರಿಶೀಲಕರು ಇರುವ ದೇಶದಲ್ಲಿ ನೀವಿದ್ದು, ಅವರು ಜನರಿಂದ ಅಭಿಪ್ರಾಯ ಕೇಳಿದ್ದರೆ, ದಯವಿಟ್ಟು ಬರೆಯಿರಿ. ಅವರ ಬಳಿ ಏಜೆನ್ಸಿಗಳ ಕಡತ ರಾಶಿ ಇರುತ್ತದೆ, ಇನ್ನೊಂದು ಕಡೆಯಿಂದ ಬರುವ ಕಾಗದ ಕಡಿಮೆ. ಕ್ವಿಂಟನ್ ಹೇಳದಿದ್ದರೆ ಆ ಐದು ನಿಮಿಷವೇ ಸತ್ಯ ಆಗಿ ಉಳಿಯುತ್ತಿತ್ತು.

ಒಂದು ಪತ್ರಕ್ಕೆ ಒಂದು ಅಧಿಕಾರ, ಒಂದು ಘಟನೆ. ತಾರೀಖು, ಜಾಗ, ಶುರುವಾದ ಹೊತ್ತು, ಬಿಟ್ಟ ಹೊತ್ತು. ಯಾವ ಸೆಕ್ಷನ್ ಅಂತ ಹೇಳಿದರಾ, ಬರೆದು ಕೊಟ್ಟರಾ? ಫೋನ್ ತೆಗೆದುಕೊಂಡರಾ, ಎಷ್ಟು ದಿನಕ್ಕೆ ವಾಪಸ್ ಬಂತು? ಕೇಳಿದ ಪ್ರಶ್ನೆಗಳನ್ನು ನೆನಪಿರುವಷ್ಟು ಅವರ ಮಾತಿನಲ್ಲೇ ಬರೆಯಿರಿ. ನೆನಪಿಲ್ಲದ್ದನ್ನು ಊಹಿಸಿ ತುಂಬಿಸಬೇಡಿ, ಸಿಟ್ಟು ಎಷ್ಟೇ ಇದ್ದರೂ. ಒಂದು ಕಡೆ ಉಪ್ಪುಕಾರ ಸೇರಿಸಿದರೆ ಉಳಿದ ಹತ್ತು ನಿಜವೂ ಅನುಮಾನಕ್ಕೆ ಬೀಳುತ್ತದೆ. ಆಗ ಜೊತೆಯಲ್ಲಿದ್ದವರ ಹೆಸರನ್ನು ಅವರನ್ನು ಕೇಳದೆ ಹಾಕಬೇಡಿ. ನಿಮ್ಮ ಹೆಸರು ಹೊರಗೆ ಬರಬಾರದು ಅಂತಿದ್ದರೆ ಮೊದಲ ಸಾಲಿನಲ್ಲೇ ಹೇಳಿ, ಕೊನೆಯಲ್ಲಿ ಹೇಳಿದರೆ ಕಣ್ಣಿಗೆ ಬೀಳದೆ ಹೋಗಬಹುದು. ಕೇಸ್ ಇನ್ನೂ ನಡೆಯುತ್ತಿದ್ದರೆ ನಿಮ್ಮ ವಕೀಲರಿಗೆ ತೋರಿಸದೆ ಒಂದು ಅಕ್ಷರವನ್ನೂ ಕಳಿಸಬೇಡಿ.

ಎರಡು ಪುಟ ಮೀರದಂತೆ ನೋಡಿಕೊಳ್ಳಿ. ಕೊನೆಗೆ ನಿಮಗೆ ಏನು ಬದಲಾಗಬೇಕು ಅಂತ ಒಂದು ವಾಕ್ಯ ಸೇರಿಸಿ. ತಡೆದ ಕೂಡಲೇ ಲಿಖಿತ ಚೀಟಿ ಕೊಡಬೇಕು, ಅದರಲ್ಲಿ ಶುರುವಾದ ಹೊತ್ತನ್ನು ನಮ್ಮೆದುರೇ ಬರೆಯಬೇಕು ಅನ್ನುವಷ್ಟು ಸಣ್ಣದು, ಸ್ಪಷ್ಟವಾದದ್ದು ಆದರೆ ಒಳ್ಳೆಯದು. ಪ್ರತಿ ಒಂದನ್ನು ತಾರೀಖು ಹಾಕಿ ಇಟ್ಟುಕೊಳ್ಳಿ. ಮುಂದಿನ ವರದಿ ಬಂದ ದಿನ ಆ ಅಧಿಕಾರದ ಅಧ್ಯಾಯವನ್ನು ತೆರೆದು, ನಿಮ್ಮ ವಾಕ್ಯ ಅಲ್ಲಿ ಎಲ್ಲಾದರೂ ಇದೆಯಾ ಅಂತ ನೋಡಿ.